ಮುನಿರಾಜು ಒಬ್ಬನೇ ಇರಲಿಲ್ಲ

ಸೈನಿಕರ ಮನೆಯವರ ಕ್ಷೇಮ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಕಚೇರಿ ಇದ್ದದ್ದು ಕಂಟೋನ್ಮೆಂಟಿನ ಹೆಂಚಿನ ಸೂರಿನ ಹಳೆಯ ಬಂಗಲೆಯಲ್ಲಿ. ಈಚೆಗೆ ಅಲ್ಲಿ ಸೇರಿರುವ ಹುಡುಗಿಯೊಬ್ಬಳು ಇಂದಿರಾನಗರದ ನಮ್ಮ ಮನೆಗೆ ಬಂದಿದ್ದಳು. "ಮೇಡಂ, ನಾಳೆ ಮೊದಲ್ನೇ ಸಲ ಒಂದು ಮನೆಗೆ ಡೆತ್ ಹೇಳೋಕೆ ಹೋಗ್ಬೇಕು. ಏನಂತ ಹೇಳ್ಲಿ?" ಎಂದು ಕೇಳಿದಳು. ಅಂದು ಅವಳಿಗೆ ಹೇಳಿದ್ದು ಸ್ವಲ್ಪ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಹಿರಿಯ ದರ್ಜೆಗೆ ಏರಿದೆ, ಯಾರು ಸನ್ಮಾನ ಮಾಡಿದರು ಎಂಬುದು ಅವಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಈ ಕೆಲಸವನ್ನು ನನಗೆ ಕಲಿಸಿದವರು ನಮ್ಮ ಮೇಲಧಿಕಾರಿ. ಸೇನೆಯಿಂದ ನಿವೃತ್ತರಾಗಿ ಬಂದವರು. ಎಲ್ಲರೂ ಮೇಜರ್ ಸಾಹೇಬರು ಎನ್ನುತ್ತಿದ್ದೆವು. ತೊಂಬತ್ತರ ದಶಕದ ಮೊದಲಲ್ಲಿ ಅವರೊಂದಿಗೆ ಶಿವಾಜಿನಗರದ ಒಂದು ಮನೆಗೆ ಹೋದದ್ದು ನನ್ನ ಮೊದಲ ಪಾಠ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿ. ಆ ಮನೆಯ ಹಿರಿಯ ಮಗ ಈಶಾನ್ಯದಲ್ಲಿ ಲಾರಿ ಉರುಳಿ ಸತ್ತಿದ್ದ. ಅವನ ತಂದೆ ಬಾಗಿಲು ತೆಗೆದು ನಗುತ್ತಾ, "ಆಯಿಯೇ ಸಾಬ್, ಬೈಠಿಯೇ" ಎಂದರು. ಮೇಜರ್ ಕೂರಲಿಲ್ಲ. ಟೋಪಿ ತೆಗೆದು, ನಿಂತಲ್ಲೇ ಒಂದೇ ವಾಕ್ಯದಲ್ಲಿ ವಿಷಯ ಹೇಳಿಬಿಟ್ಟರು. ಎಂಥ ಕಲ್ಲುಮನಸ್ಸು ಎನಿಸಿತು ನನಗೆ. ವಾಪಸ್ಸು ಬರುವಾಗ ಅವರೇ ವಿವರಿಸಿದರು: "ಕೂತ್ರೆ ಅವರು ಶರಬತ್ತು ತರ್ತಾರೆ. ಶರಬತ್ತು ಕುಡಿದು ಆಮೇಲೆ ಹೇಳಿದ್ರೆ, ಮಗ ಸತ್ತ ಸುದ್ದಿ ತಂದೋರಿಗೆ ನಾವು ಶರಬತ್ತು ಕೊಟ್ವಿ ಅಂತ ಆ ಮನೆಯೋರಿಗೆ ಸಾಯೋವರ್ಗೂ ನೆನಪಿರುತ್ತೆ. ಅದು ಬೇಡ."

ಅವರ ಇನ್ನೆರಡು ಕಟ್ಟಳೆಗಳಿದ್ದವು. 'ತೀರಿಕೊಂಡರು' ಎಂಬ ಪದವನ್ನು ಮೊದಲ ವಾಕ್ಯದಲ್ಲೇ ಹೇಳಬೇಕು. ಏನೋ ಆಗಿದೆಯಂತೆ, ಸ್ವಲ್ಪ ಸೀರಿಯಸ್ಸಂತೆ ಎಂದು ಸುತ್ತಬಾರದು. ನಮಗೆ ಗೊತ್ತಿಲ್ಲದ್ದನ್ನು ಸಮಾಧಾನಕ್ಕೆಂದು ಹೇಳಬಾರದು. ನೋವಿಲ್ಲದೆ ಹೋದರು ಎನ್ನುವುದು ಈ ಎರಡನೆಯ ಕಟ್ಟಳೆಯ ಕೆಳಗೆ ಬರುತ್ತಿತ್ತು.

ಆಗಿನ್ನೂ ತಂತಿಯ ಕಾಲ. ಹಲಸೂರಿನ ಒಂದು ಮನೆಗೆ ನಮಗಿಂತ ಮೊದಲೇ ತಂತಿ ಹೋಗಿತ್ತು. ಇಂಗ್ಲಿಷಿನಲ್ಲಿದ್ದುದರಿಂದ ಮನೆಯವರು ಪಕ್ಕದ ಟೈಲರ್ ಹತ್ತಿರ ಓದಿಸಿದ್ದರು. 'ಎಕ್ಸ್‌ಪೈರ್ಡ್' ಎಂಬ ಪದವನ್ನು ಆತ ರಜೆಯ ಅರ್ಜಿಗಳಲ್ಲಿ ಮಾತ್ರ ಕಂಡಿದ್ದ. ರಜೆ ಮುಗಿದರೂ ಹುಡುಗ ಡ್ಯೂಟಿಗೆ ಹೋಗಿಲ್ಲವಂತೆ, ಎಂದು ಅರ್ಥ ಹೇಳಿಬಿಟ್ಟ. ನಾವು ಹೋದಾಗ ಆ ತಾಯಿ ಮಗನ ಮೇಲೆ ಸಿಟ್ಟಾಗಿ ಕೂತಿದ್ದರು. "ಡ್ಯೂಟಿಗೂ ಹೋಗಿಲ್ಲ, ಮನೆಗೂ ಬಂದಿಲ್ಲ, ಎಲ್ಲಿ ಸುತ್ತುತಾ ಇದಾನೋ ಕೇಳಿ ಸಾರ್" ಎಂದರು. ಅಂದಿನಿಂದ ನಮ್ಮ ವ್ಯಾಪ್ತಿಯಲ್ಲಿ ತಂತಿ ಮುಟ್ಟುವ ಮೊದಲೇ ನಮ್ಮಲ್ಲಿ ಒಬ್ಬರು ಆ ಮನೆಯಲ್ಲಿರಬೇಕು ಎಂದು ಮೇಜರ್ ಗೊತ್ತುಮಾಡಿದರು.

ನಂತರ ಫೋನು ಬಂತು, ಟಿವಿ ಬಂತು. ಕಾರ್ಗಿಲ್ ಬೆಟ್ಟಗಳಲ್ಲಿ ಯುದ್ಧ ನಡೆದ ಬೇಸಿಗೆಯಲ್ಲಿ ಸುದ್ದಿ ನಮಗಿಂತ ಮುಂದೆ ಓಡತೊಡಗಿತು. ಆಗ ನಾವು ಇನ್ನೊಂದು ವಿಷಯ ಕಲಿತೆವು. ಹಸಿರು ಜೀಪು ಒಂದು ಬೀದಿಗೆ ತಿರುಗಿದರೆ, ಮಗ ಸೇನೆಯಲ್ಲಿರುವ ಪ್ರತಿ ಮನೆಯ ಹೆಂಗಸೂ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಜೀಪು ಯಾರ ಮನೆ ಮುಂದೆ ನಿಲ್ಲುವುದೋ ಎಂದು ನೋಡುತ್ತಾಳೆ. ಅದನ್ನು ಕಂಡ ಮೇಲೆ ಮೇಜರ್ ಜೀಪು ಬಿಟ್ಟು ಆಟೊದಲ್ಲಿ ಹೋಗತೊಡಗಿದರು.

ಮುನಿರಾಜುವಿನ ಮನೆಗೆ ನಾವು ಹೋದದ್ದೂ ಆಟೊದಲ್ಲೇ.

ಅವನ ಊರು ಕೆ.ಆರ್. ಪುರಂ ಆಚೆ. ಊರ ಹೆಸರು ಬೇಡ. ಈಗ ಅದು ಊರಾಗಿಯೂ ಉಳಿದಿಲ್ಲ. ಕೆ.ಆರ್. ಪುರಂನ ತೂಗುಸೇತುವೆ ಇನ್ನೂ ಆಗಿರಲಿಲ್ಲ. ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹೋಗುವವರೆಗೆ ನಾನೂ ಮೇಜರೂ ಆಟೊದಲ್ಲಿ ಸುಮ್ಮನೆ ಕೂತಿದ್ದೆವು. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಯಾರೋ ಕಡಲೆಕಾಯಿ ತಿನ್ನುತ್ತಾ ನಮ್ಮನ್ನೇ ನೋಡುತ್ತಿದ್ದರು. ಆ ಮನೆಯವರ ಪಾಲಿಗೆ ಮಗ ಇನ್ನೂ ಬದುಕಿದ್ದಾನೆ, ಗೇಟು ತೆಗೆಯುವವರೆಗೆ ಬದುಕಿರುತ್ತಾನೆ ಎಂದು ನನಗೆ ಅನಿಸಿದ್ದು ನೆನಪಿದೆ.

ಅವನ ತಾಯಿ ಮುನಿಯಮ್ಮ ಅಂಗಳದಲ್ಲಿ ಕೂತು ಗುಲಾಬಿ ಆರಿಸುತ್ತಿದ್ದರು. ಮಾರುಕಟ್ಟೆಗೆ ಹೋಗುವ ಮೊಗ್ಗು ಒಂದು ಬುಟ್ಟಿಗೆ, ಅರಳಿಹೋದದ್ದು ಇನ್ನೊಂದಕ್ಕೆ. ಸೊಸೆ ಭಾಗ್ಯ ಜಗುಲಿಯಲ್ಲಿ ಮಗುವಿಗೆ ಗಂಜಿ ಕುಡಿಸುತ್ತಿದ್ದಳು. ಮೇಜರ್ ಟೋಪಿ ತೆಗೆದರು.

"ಅಮ್ಮಾ, ನಿಮ್ಮ ಮಗ ಮುನಿರಾಜು ಯುದ್ಧದಲ್ಲಿ ತೀರಿಕೊಂಡಿದ್ದಾರೆ."

ಮುನಿಯಮ್ಮನ ಕೈ ನಿಲ್ಲಲಿಲ್ಲ. "ಯಾವ ಮುನಿರಾಜು?" ಎಂದರು. "ಈ ಊರಲ್ಲಿ ಬೇಕಾದಷ್ಟು ಜನ ಮುನಿರಾಜು ಅವ್ರೆ."

"ಪಿಳ್ಳಪ್ಪನವರ ಮಗ, ಅಮ್ಮಾ. ಮಿಲಿಟರಿ ಮುನಿರಾಜು."

"ಟಿವೀಲಿ ಹೇಳ್ಲಿಲ್ವಲ್ಲ?" ಎಂದಳು ಭಾಗ್ಯ. ಅವಳ ದನಿಯಲ್ಲಿ ನಮ್ಮ ತಪ್ಪು ಹಿಡಿದವರ ಗಟ್ಟಿತನವಿತ್ತು. "ರಾತ್ರಿ ನ್ಯೂಸಲ್ಲಿ ಎಲ್ಲಾರ ಹೆಸ್ರೂ ಹೇಳಿದ್ರು. ಇವರದ್ದು ಇರ್ಲಿಲ್ಲ."

ತೋಟದಿಂದ ಪಿಳ್ಳಪ್ಪನವರನ್ನು ಯಾರೋ ಕರೆತಂದರು. ಕೈಯಲ್ಲಿದ್ದ ಗುದ್ದಲಿಯನ್ನು ಗೋಡೆಗೆ ಒರಗಿಸಿ, ಕಾಲು ತೊಳೆದು, ಆಮೇಲೆ ಒಳಗೆ ಬಂದು ಕೇಳಿದರು. ಕೇಳಿ ಮತ್ತೆ ಹೊರಗೆ ಹೋಗಿ ಕಾಲು ತೊಳೆದರು.

ಪೆಟ್ಟಿಗೆ ಬಂದ ದಿನ ಆ ಊರಿಗೆ ಬಂದಷ್ಟು ಜನ ಅದರ ಮೊದಲೂ ಆಮೇಲೂ ಬಂದಿರಲಾರರು. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮಾರತ್ತಹಳ್ಳಿ ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದರು. ಪೆಟ್ಟಿಗೆ ತೆರೆಯಬಾರದು ಎಂಬ ಸೂಚನೆ ಇದೆ ಎಂದು ಜೊತೆಗೆ ಬಂದಿದ್ದ ಸುಬೇದಾರರು ಹೇಳಿದರು. ಮುನಿಯಮ್ಮ ಪೆಟ್ಟಿಗೆಯ ಪಕ್ಕ ಕೂತು, "ಮುಖ ತೋರ್ಸಿ. ಇಲ್ಲಾಂದ್ರೆ ಇದ್ರಲ್ಲಿ ಅವನೇ ಅವ್ನೆ ಅಂತ ನಾನ್ಯಾಕೆ ನಂಬ್ಲಿ?" ಎಂದರು. ಅಳುತ್ತಿರಲಿಲ್ಲ; ಮಾರುಕಟ್ಟೆಯಲ್ಲಿ ವ್ಯಾಪಾರಕ್ಕೆ ನಿಂತವರ ಹಾಗೆ ಮಾತಾಡಿದರು. ಸುಬೇದಾರರು ಮೇಜರ್ ಮುಖ ನೋಡಿದರು. ಮೇಜರ್ ಎಲ್ಲರನ್ನೂ ಹಿಂದೆ ಸರಿಸಿ, ಬಟ್ಟೆ ಅಡ್ಡ ಹಿಡಿಸಿ, ಮೊದಲು ತಾವೊಬ್ಬರೇ ನೋಡಿದರು. ಬಳಿಕ ತಾಯಿಯನ್ನು ಕೈಹಿಡಿದು ಕರೆದರು. ಮುಖಕ್ಕೆ ಏನೂ ಆಗಿರಲಿಲ್ಲ.

"ಗಡ್ಡ ಬಿಟ್ಟವ್ನೆ" ಎಂದರು ಮುನಿಯಮ್ಮ. ಭಾಗ್ಯಳೂ ಬಂದು ನೋಡಿದಳು.

ಹೊಸಬರಿಗೆ ಒಂದು ಮಾತು: ಪೆಟ್ಟಿಗೆ ತೆರೆಯುವುದೋ ಬಿಡುವುದೋ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿದೆ. ಆದರೆ ಮೊದಲು ತಾವೇ ನೋಡಿ ಆಮೇಲೆ ನಿರ್ಧರಿಸುವ ಅಧಿಕಾರಿಯನ್ನು ನಾನು ಅವರೊಬ್ಬರಲ್ಲೇ ಕಂಡೆ. ಆಮೇಲೆ ಅವರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವರ ಮನೆಯವರು ನನಗೆ ಹೇಳಿದರು.

ನಮ್ಮ ಕಚೇರಿಯ ಸ್ಮರಣೆ ಪುಸ್ತಿಕೆಗೆ ಮಡಿದವರೊಬ್ಬೊಬ್ಬರ ಬಗ್ಗೆ ಒಂದು ಪುಟ ಬರೆಯುವುದು ನನ್ನ ಪಾಲಿನ ಕೆಲಸ. ಹಾಗಾಗಿ ಮುನಿರಾಜು ಯಾರು ಎಂಬುದು ನನಗೆ ಅವನು ಹೋದ ಮೇಲೆ ಗೊತ್ತಾಯಿತು.

ಮನೆಯ ಗುಲಾಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ರಸೆಲ್ ಮಾರುಕಟ್ಟೆಗೆ ಹಾಕಿ, ಅಲ್ಲಿಂದ ಬಂದು ಕಾಲೇಜಿಗೆ ಹೋಗುತ್ತಿದ್ದವನು. ಕಾಲೇಜು ಅರ್ಧಕ್ಕೆ ನಿಂತಿತು. ಊರ ಸುತ್ತ ಲೇಔಟುಗಳು ಏಳುತ್ತಿದ್ದ ಕಾಲ. ಅವನ ವಾರಿಗೆಯ ಹುಡುಗರೆಲ್ಲ ಸೈಟು ಬ್ರೋಕರುಗಳಾಗಿ ಮೋಟಾರ್ ಸೈಕಲ್ ಹತ್ತಿದ್ದರು. ಇವನಿಗೆ ಮಾತು ಕಡಿಮೆ. ಆ ದಂಧೆ ಹಿಡಿಸಲಿಲ್ಲ. ಕಂಟೋನ್ಮೆಂಟಿನ ಮೈದಾನದಲ್ಲಿ ಸೇನಾ ಭರ್ತಿ ನಡೆಯುತ್ತಿದ್ದುದನ್ನು ಮಾರುಕಟ್ಟೆಯಿಂದ ವಾಪಸ್ಸಾಗುವಾಗ ಕಂಡು, ಖಾಲಿ ಬುಟ್ಟಿಯ ಸೈಕಲ್ಲನ್ನು ಗೇಟಿನಲ್ಲಿ ನಿಲ್ಲಿಸಿ ಸಾಲಿಗೆ ನಿಂತನಂತೆ. ಮೊದಲ ಸಲ ಎದೆಯಳತೆ ಸಾಲದೆ ವಾಪಸ್ಸಾದ. ಮುಂದಿನ ಭರ್ತಿಯವರೆಗೆ ಊರ ಕೆರೆ ಏರಿಯ ಮೇಲೆ ಓಡಿದ. "ಇವನು ಓಡೋದು ನೋಡಿ ನಾಯಿಗಳು ಅಟ್ಟಿಸ್ಕೊಂಡು ಬರ್ತಿದ್ವು ಮೇಡಂ. ನಾಯಿ ಕಂಡ್ರೆ ಇವನಿಗೆ ಪ್ರಾಣಭಯ. ಅದಕ್ಕೇ ಜೋರಾಗಿ ಓಡೋದು ಕಲ್ತ" ಎಂದು ಭಾಗ್ಯ ಹೇಳಿ ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಮುಂದೆ ಅವಳು ಟೀಚರ್ ಟ್ರೈನಿಂಗ್ ಮುಗಿಸಿ ಅಲ್ಲೇ ಹತ್ತಿರದ ಶಾಲೆಯೊಂದಕ್ಕೆ ಸೇರಿದಳು.

ದಕ್ಷಿಣದ ಹುಡುಗರೇ ಹೆಚ್ಚಿದ್ದ ಪದಾತಿ ಪಡೆ ಅವನದು. ಈಶಾನ್ಯದಲ್ಲಿ ಒಂದು ಅವಧಿ, ಕಾಶ್ಮೀರ ಕಣಿವೆಯಲ್ಲಿ ಒಂದು ಅವಧಿ. ಲೈಟ್ ಮೆಷಿನ್ ಗನ್ನಿಗೆ ಇಬ್ಬರು ಬೇಕು. ನಂಬರ್ ಒನ್ ಎನ್ನಿಸಿಕೊಂಡವನು ಗುಂಡು ಹೊಡೆಯುತ್ತಾನೆ. ನಂಬರ್ ಟೂ ಗುಂಡಿನ ಮ್ಯಾಗಝಿನ್‌ಗಳನ್ನು ಹೊತ್ತು ಅವನ ಮಗ್ಗುಲಲ್ಲೇ ಮಲಗಿರುತ್ತಾನೆ. ಮುನಿರಾಜು ನಂಬರ್ ಟೂ. ರಜೆಗೆ ಬಂದಾಗ ತನ್ನ ಕೆಲಸದ ಬಗ್ಗೆ ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ. ಕೊನೆಯ ರಜೆಯಲ್ಲಿ ತಾಯಿಗೆ ಬಚ್ಚಲುಮನೆ ಕಟ್ಟಿಸಿದ. ಅವನ ಕಪ್ಪು ಟ್ರಂಕು ಮನೆಗೆ ಬಂದಾಗ ಭಾಗ್ಯ ಅದರಿಂದ ಒಂದು ನೀಲಿ ಟವೆಲ್ ಎಳೆದು, "ನೋಡಿ, ನನ್ನ ಟವೆಲ್. ತಗೊಂಡೋಗಿಲ್ಲ ಅಂತ ಫೋನಲ್ಲಿ ಆಣೆ ಮಾಡಿದ್ದ" ಎಂದಳು.

ಇಷ್ಟು ಅವನ ಬದುಕು. ತೊಂದರೆ ಶುರುವಾದದ್ದು ಅವನ ಸಾವಿನ ಬಗ್ಗೆ.

ಊರ ಬಸ್ ನಿಲ್ದಾಣದಲ್ಲಿ ಸ್ಥಳೀಯ ಮುಖಂಡರೊಬ್ಬರು ದೊಡ್ಡ ಹೋರ್ಡಿಂಗ್ ಹಾಕಿಸಿದ್ದರು. ಮುನಿರಾಜುವಿನ ಫೋಟೋ; ಅದಕ್ಕಿಂತ ದೊಡ್ಡದಾಗಿ ಮುಖಂಡರ ಫೋಟೋ. ಕೆಳಗೆ, 'ಒಬ್ಬನೇ ಶತ್ರುಗಳ ಬಂಕರಿಗೆ ನುಗ್ಗಿ ಹಲವರನ್ನು ಸಂಹರಿಸಿದ ವೀರ'. ಇದನ್ನು ಯಾರು ಹೇಳಿದರು ಎಂದು ಯಾರಿಗೂ ಗೊತ್ತಿರಲಿಲ್ಲ. ಸೇನೆಯಿಂದ ಬಂದ ಒಕ್ಕಣೆಯಲ್ಲಿ, ಶತ್ರುವಿನ ದಾಳಿಯಲ್ಲಿ ಮಡಿದರು ಎಂದಷ್ಟೇ ಇತ್ತು. ಪಿಳ್ಳಪ್ಪನವರಿಗೆ ಆ ಹೋರ್ಡಿಂಗ್ ಪ್ರಾಣ. ಬಸ್ಸಿಗೆ ಕಾಯುವವರಿಗೆಲ್ಲ ಅದರ ಕಡೆ ಕೈ ತೋರಿಸಿ, "ನನ್ನ ಮಗ" ಎನ್ನುತ್ತಿದ್ದರು.

ಮುನಿಯಮ್ಮನಿಗೆ ಅದರಲ್ಲಿ ಒಂದು ಪದ ಚುಚ್ಚಿತ್ತು. ಪಿಂಚಣಿಯ ಕಾಗದಕ್ಕೆ ಸಹಿ ಹಾಕಿಸಲು ನಾನು ಹೋದಾಗ, ಗಂಡ ಹೊರಗೆ ಹೋಗುವುದನ್ನೇ ಕಾದು ಕೇಳಿದರು.

"ಮೇಡಂ, ಒಬ್ನೇ ಅಂತ ಬರ್ದವ್ರಂತಲ್ಲ. ನಿಜಾನಾ? ಅವನ ಪಕ್ಕ ಯಾರೂ ಇರ್ಲಿಲ್ವಾ?"

"ಗೊತ್ತಿಲ್ಲಮ್ಮ" ಎಂದೆ. ಎರಡನೆಯ ಕಟ್ಟಳೆ.

"ತಿಳ್ಕೊಳಿ" ಎಂದರು. "ನಂಗೆ ಬೇರೇನೂ ಬೇಡ. ಅದೊಂದು ಗೊತ್ತಾದ್ರೆ ನಿದ್ದೆ ಮಾಡ್ತೀನಿ."

ಇಷ್ಟು ವರ್ಷಗಳಲ್ಲಿ ನಾನು ಹೋದ ಹೆಚ್ಚಿನ ಮನೆಗಳಲ್ಲಿ ಹೆಂಗಸರು ಕೇಳಿದ್ದು ಇದನ್ನೇ. ಹೇಗೆ ಸತ್ತ ಎಂದು ಗಂಡಸರು ಕೇಳುತ್ತಾರೆ. ಹತ್ತಿರ ಯಾರಿದ್ದರು ಎಂದು ಹೆಂಗಸರು ಕೇಳುತ್ತಾರೆ. ಇದಕ್ಕೆ ಕಾರಣ ನನಗೆ ಗೊತ್ತಿಲ್ಲ, ಕಂಡದ್ದನ್ನು ಬರೆದಿದ್ದೇನೆ.

ಉತ್ತರ ಸಿಕ್ಕಿದ್ದು ಸೇನಾ ಆಸ್ಪತ್ರೆಯಲ್ಲಿ. ಗಾಯಾಳುಗಳನ್ನು ನೋಡಿ, ಮನೆಯವರಿಗೆ ಏನಾದರೂ ಹೇಳಿ ಕಳಿಸಬೇಕೇ ಎಂದು ಕೇಳಿಬರುವುದು ನನ್ನ ವಾರದ ಕೆಲಸ. ಆ ಚಳಿಗಾಲದಲ್ಲಿ ಅಲ್ಲಿ ಆರ್ಮುಗಂ ಎಂಬ, ನಾಯಕ್ ದರ್ಜೆಯ ಸೈನಿಕ ಇದ್ದ. ಮೊಣಕಾಲ ಕೆಳಗೆ ಎಡಗಾಲು ಇರಲಿಲ್ಲ. ಹಲಸೂರು ಕೆರೆಯ ಹಿಂದಿನ ಬೀದಿಯವನು. ಮನೆಮಾತು ತಮಿಳು, ಕನ್ನಡ ನಮ್ಮೆಲ್ಲರ ಹಾಗೇ. ಯಾವ ಪಡೆ ಎಂದು ಕೇಳಿದೆ. ಹೇಳಿದ. ಹಾಗಾದರೆ ಕೆ.ಆರ್. ಪುರಂ ಕಡೆಯ ಮುನಿರಾಜು ಗೊತ್ತೇ ಎಂದೆ.

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಎದ್ದು ಹೊರಡುವಾಗ, "ನನ್ನ ನಂಬರ್ ಟೂ" ಎಂದ.

ಮುಂದಿನ ವಾರ ಕೇಳಿದೆ: "ಅವರ ತಾಯಿ ನಿಮ್ಮನ್ನ ನೋಡಿದ್ರೆ ಸಮಾಧಾನ ಮಾಡ್ಕೋತಾರೆ. ಕರ್ಕೊಂಡು ಬರ್ಲಾ?"

"ಬೇಡ ಮೇಡಂ. ನಾನು ಬದುಕಿದೀನಲ್ಲ. ಅವರ ಮುಂದೆ ಹೆಂಗೆ ಕೂತ್ಕೊಳ್ಲಿ?"

ಕಚೇರಿಗೆ ಬಂದು ಮೇಜರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ವತ್ಸಲಾ, ಬೇಡ. ಅವನಿಗೆ ಗಾಯ ಮಾಗಿಲ್ಲ. ಅವರಿಗೂ ಮಾಗಿಲ್ಲ. ಎರಡನ್ನೂ ಒಟ್ಟಿಗೆ ಕೆದಕೋದು ನಮ್ಮ ಕೆಲಸ ಅಲ್ಲ" ಎಂದರು. ಅವರ ಮಾತಿಗೆ ನಾನು ಎದುರಾಡಿದ್ದು ಕಡಿಮೆ. ಆದರೆ ಆ ತಾಯಿಯ ಹತ್ತಿರ ಗೊತ್ತಿಲ್ಲ ಎಂದು ಮತ್ತೆ ಹೇಳಿದರೆ ಈಗ ಅದು ಸುಳ್ಳಾಗುತ್ತದಲ್ಲ ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಕೇಳಿದ್ರೆ ನಿಜ ಹೇಳು. ಆದ್ರೆ ಅವನು ಒಪ್ಪೋವರ್ಗೂ ಹೆಸ್ರು ಹೇಳ್ಬೇಡ" ಎಂದರು.

ಹಾಗೇ ಮಾಡಿದೆ. ಜೊತೆಗಿದ್ದವರೊಬ್ಬರು ಬದುಕಿದ್ದಾರೆ, ಮಾತಾಡಲು ಅವರಿಗೆ ಇನ್ನೂ ಆಗುತ್ತಿಲ್ಲ ಎಂದು ಮುನಿಯಮ್ಮನಿಗೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಆಗ್ಲಿ. ಅವರಮ್ಮನಿಗೆ ಮಗ ಸಿಕ್ಕಿದ್ನಲ್ಲ" ಎಂದರು. ನಾನು ಬಸ್ಸು ಹತ್ತುವಾಗ ಹಿಂದೆಯೇ ಬಂದು ಇನ್ನೊಂದು ಮಾತು ಹೇಳಿದರು. "ಅವನಿಗೆ ಹೇಳಿ, ನಾನು ಏನೂ ಕೇಳೋಕ್ ಬರಲ್ಲ. ಸುಮ್ನೆ ನೋಡೋಕ್ ಬರ್ತೀನಿ."

ಆರ್ಮುಗಂ ಪುಣೆಗೆ ಹೋಗಿ ಕೃತಕ ಕಾಲು ಹಾಕಿಸಿಕೊಂಡು ಹಲಸೂರಿಗೆ ಮರಳಿದ ಮೇಲೆ ಆ ಮಾತನ್ನು ಅವನಿಗೆ ಮುಟ್ಟಿಸಿದೆ. "ಭಾನುವಾರ ಬರ್ಲಿ" ಎಂದ.

ಭಾನುವಾರ ಮುನಿಯಮ್ಮ, ಭಾಗ್ಯ, ನಾನು ಹೋದೆವು. ಪಿಳ್ಳಪ್ಪನವರು ಬರಲಿಲ್ಲ. ಕಾಲು ಹೋದವನ ಹತ್ತಿರ ಹೋಗಿ ಏನು ಕೇಳುವುದು, ಹೋರ್ಡಿಂಗಿನಲ್ಲಿ ಎಲ್ಲ ಬರೆದಿದೆಯಲ್ಲ ಎಂದರಂತೆ. ಆರ್ಮುಗಂನ ಅಕ್ಕ ಕಾಫಿ ತಂದಿಟ್ಟರು. ಅವನು ಎದ್ದು ನಿಲ್ಲಲು ಹೋದ, ಹೊಸ ಕಾಲು ಜಾರಿತು. ಮುನಿಯಮ್ಮ ಅವನ ಹೆಗಲು ಒತ್ತಿ ಕೂರಿಸಿ ಎದುರಿಗೆ ನೆಲದ ಮೇಲೆ ಕೂತರು. ಮಾತು ಕೊಟ್ಟ ಹಾಗೆ ಏನೂ ಕೇಳಲಿಲ್ಲ. ಮಾರುಕಟ್ಟೆಯಲ್ಲಿ ಕಲಿತ ತಮಿಳಿನಲ್ಲಿ ಅವನ ಅಕ್ಕನಿಗೆ ಎಷ್ಟು ಮಕ್ಕಳು, ಮನೆ ಬಾಡಿಗೆಯದೋ ಎಂದು ವಿಚಾರಿಸಿದರು. ಆ ಮಾತಿನ ಮಧ್ಯೆ ಆರ್ಮುಗಂ ತಾನೇ ಶುರು ಮಾಡಿದ.

"ಬೆಳಕಾಗ್ಬಿಡ್ತಮ್ಮಾ. ಬೆಳಕಾಗೋಷ್ಟರಲ್ಲಿ ಮೇಲೆ ಮುಟ್ಬೇಕಿತ್ತು, ಆಗ್ಲಿಲ್ಲ. ಆ ಗುಡ್ಡದ ಮೇಲೆ ಒಂದು ಗಿಡ ಇಲ್ಲ, ಮರೆ ಇಲ್ಲ. ಮೇಲಿದ್ದೋರಿಗೆ ನಾವು ಅಂಗೈ ಮೇಲಿದ್ದಂಗೆ ಕಾಣ್ತಿದ್ವಿ. ನಂಗೆ ಕಾಲಿಗೆ ಬಿತ್ತು. ಅವನು ನನ್ನ ಎಳ್ದು ಒಂದು ಬಂಡೆ ಹಿಂದೆ ಹಾಕ್ದ. ಕಾಲು ಕಟ್ದ. ಗನ್ ಅವನು ತಗೊಂಡ. ನಮ್ಮೋರು ಕೆಳಕ್ಕೆ ಸರಿತಾ ಇದ್ರು. ಬಾ, ಬಾ ಅಂತ ಅವನನ್ನ ಕೂಗಿದ್ರು. ನಾನೂ ಹೋಗೋ ಅಂದೆ. ಬೈದೆ ಕೂಡ."

"ಏನಂದ?" ಎಂದಳು ಭಾಗ್ಯ.

"ನಿನ್ನ ಹೊತ್ಕೊಂಡು ಓಡೋಕೆ ನೀನೇನು ಹೂವಿನ ಬುಟ್ಟಿಯಾ, ಕತ್ತಲಾಗ್ಲಿ, ಸ್ಟ್ರೆಚರ್ ಬರುತ್ತೆ, ಅಂದ. ಮ್ಯಾಗಝಿನ್ ಇರೋವರ್ಗೂ ಹೊಡ್ದ. ನಮ್ಮೋರೆಲ್ಲ ಕೆಳಗಿಳಿದ್ರು. ಆಮೇಲೆ ಬಂದು ನನ್ನ ಪಕ್ಕ ಮಲಗ್ದ. ಗುಲಾಬಿಗೆ ಕಸಿ ಕಟ್ಟೋದು ಹೆಂಗೆ ಅಂತ ಹೇಳ್ಕೊಟ್ಟಮ್ಮಾ ನಂಗೆ. ಬಂಡೆ ಹಿಂದೆ ಮಲ್ಕೊಂಡು. ನಾನು ನಿದ್ದೆ ಹೋಗ್ಬಾರ್ದು ಅಂತ ಮಾತಾಡಿಸ್ತಾನೇ ಇದ್ದ. ಮಧ್ಯಾಹ್ನದ ಮೇಲೆ ಶೆಲ್ ಬಿತ್ತು. ಅವನು ಹೊರಗಿನ ಮಗ್ಗುಲಲ್ಲಿದ್ದ. ಚೂರು ಅವನ ಪಕ್ಕೆಗೆ ಹೋಯ್ತು."

ಅವನು ಮುಂದುವರಿಸಿದ.

"ಆಗ್ಲೇ ಹೋಗ್ಲಿಲ್ಲಮ್ಮಾ. ಸುಳ್ಳು ಹೇಳಲ್ಲ. ನೋವಿತ್ತು. ನೀರು ಕೇಳ್ದ. ನನ್ನ ಹತ್ರ ಇರ್ಲಿಲ್ಲ. ನಂಗೆ ರಕ್ತ ಹೋಗಿತ್ತು ಅಂತ ಬೆಳಿಗ್ಗೇನೇ ಇಬ್ಬರ ನೀರೂ ನಂಗೇ ಕುಡಿಸ್ಬಿಟ್ಟಿದ್ದ. ನಾನೂ ಕುಡಿದ್ಬಿಟ್ಟಿದ್ದೆ." ಇಷ್ಟು ಹೇಳಿ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮುನಿಯಮ್ಮ ಕಾದರು. ಆಮೇಲೆ ಮೆಲ್ಲಗೆ ಕೇಳಿದರು. "ಅವನ ತಲೆ ಎಲ್ಲಿತ್ತಪ್ಪಾ? ಕಲ್ಲಿನ ಮೇಲಾ?"

"ಇಲ್ಲಮ್ಮಾ. ನನ್ನ ತೋಳ ಮೇಲೆ."

"ಯಾವ ತೋಳು?"

ಅವನು ಬಲಗೈ ಚಾಚಿದ. ಮುನಿಯಮ್ಮ ಅವನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಮೊಣಕೈಯ ಮೇಲ್ಭಾಗವನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡರು. ಬಹಳ ಹೊತ್ತು ಹಾಗೇ ಇದ್ದರು. ಬಿಟ್ಟ ಮೇಲೆ ಮೂಗು ಒರೆಸಿಕೊಂಡು, "ಕಾಫಿ ಆರೋಯ್ತು, ಕುಡಿ" ಎಂದರು.

ಇದು ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ವರ್ಷದ ನೆನಪಿಗೆ ಬಸ್ ನಿಲ್ದಾಣದ ಪಕ್ಕ ಒಂದು ಕಲ್ಲು ನಿಲ್ಲಿಸಬೇಕು ಎಂದು ಊರವರು ತೀರ್ಮಾನಿಸಿದರು. ಹೋರ್ಡಿಂಗಿನ ಮಾತನ್ನೇ ಕಲ್ಲಿನಲ್ಲಿ ಕೆತ್ತಿಸುವುದು ಎಂದರು ಮುಖಂಡರು. ಒಬ್ಬನೇ ಎಂಬ ಪದ ಇದ್ದರೆ ನಾನು ಆ ಕಲ್ಲಿನ ಹತ್ತಿರ ಬರುವುದಿಲ್ಲ ಎಂದರು ಮುನಿಯಮ್ಮ. ಗಂಡ ಹೆಂಡತಿ ಮಾತು ಬಿಟ್ಟರು. ಮುಖಂಡರ ಕಡೆಯವರು ನಮ್ಮ ಕಚೇರಿಗೆ ಫೋನ್ ಮಾಡಿ, ನಿಮ್ಮ ಹೆಂಗಸೊಬ್ಬಳು ಸತ್ತವನ ಹೆಸರು ಕೆಡಿಸುತ್ತಿದ್ದಾಳೆ ಎಂದರು. ಮೇಜರ್ ಫೋನ್ ಇಟ್ಟು, "ನಾನು ಹೇಳಿದ್ದೆ" ಎಂದರು, ಅಷ್ಟಕ್ಕೇ ಬಿಟ್ಟರು.

ಆ ವಾರದಲ್ಲೇ ಪಿಳ್ಳಪ್ಪನವರು ಕಚೇರಿಗೆ ಬಂದರು. ಮಾರುಕಟ್ಟೆಗೆ ಹೂ ಹಾಕಿ ನೇರ ಬಂದಿದ್ದರು. ಅಂಗಿಯ ಮೇಲೆ ಎಸಳು ಅಂಟಿತ್ತು. ಕೂರಲಿಲ್ಲ.

"ಎಲ್ಲವ್ನೆ ಅವನು? ಕರ್ಕೊಂಡು ಹೋಗಿ. ನನ್ನ ಮಗ ಹೊಡ್ದಾಡಿ ಸತ್ತ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೀನಿ. ಇವನು ಬಂದು ಮಲ್ಕೊಂಡು ಸತ್ತ ಅಂತಾನಂತೆ."

ನನಗೆ ಹೆದರಿಕೆಯಾಯಿತು. ಮೇಜರ್ ತಮ್ಮ ಕೋಣೆಯಿಂದ ಹೊರಗೆ ಬಂದು, "ನಾನೂ ಬರ್ತೀನಿ" ಎಂದು ಟೋಪಿ ಹಾಕಿಕೊಂಡರು.

ಆರ್ಮುಗಂ ಆಗ ಹಲಸೂರಿನಲ್ಲಿ ಒಂದು ಎಸ್‌ಟಿಡಿ ಬೂತ್ ನೋಡಿಕೊಳ್ಳುತ್ತಿದ್ದ. ಗಿರಾಕಿ ಹೋಗುವವರೆಗೆ ನಾವು ಹೊರಗೆ ನಿಂತೆವು. ಒಳಗೆ ಹೋದ ಮೇಲೆ ಪಿಳ್ಳಪ್ಪನವರು ಅವನ ಕಾಲನ್ನು ನೋಡಿದರು. ಅಷ್ಟು ಹೊತ್ತಿನ ಸಿಟ್ಟಿಗೆ ಎಲ್ಲಿ ಶುರು ಮಾಡಬೇಕೆಂದು ತೋಚದಂತೆ ನಿಂತರು.

"ಹೊಡ್ದಿದ್ದು ಸುಳ್ಳಾ?" ಎಂದು ಕೊನೆಗೆ ಕೇಳಿದರು.

"ಹೊಡ್ದ ಅಪ್ಪಾ. ಖಾಲಿ ಆಗೋವರ್ಗೂ ಹೊಡ್ದ. ಯಾರಿಗೆ ಬಿತ್ತೋ ನಾನು ನೋಡ್ಲಿಲ್ಲ. ನೋಡ್ದೆ ಅಂದ್ರೆ ಸುಳ್ಳಾಗುತ್ತೆ."

"ಹೆದರ್ಕೊಂಡಿದ್ನಾ?"

ಆರ್ಮುಗಂ ಮೇಜರ್ ಕಡೆ ನೋಡಿದ. ಮೇಜರ್ ಏನೂ ಸನ್ನೆ ಮಾಡಲಿಲ್ಲ.

"ಹೆದರಿದ್ದ ಅಪ್ಪಾ. ನಾನೂ ಹೆದರಿದ್ದೆ. ಇಬ್ಬರಿಗೂ ಹಲ್ಲು ಕಟಕಟ ಅಂತಿತ್ತು."

"ಮತ್ತೆ, ನಿಮ್ಮೋರು ಬಾ ಅಂತ ಕೂಗಿದ್ರು ಅಂದ್ಯಂತಲ್ಲ. ಯಾಕೆ ಎದ್ದು ಹೋಗ್ಲಿಲ್ಲ?"

"ನಾನು ಇದ್ನಲ್ಲ" ಎಂದ ಆರ್ಮುಗಂ.

ಪಿಳ್ಳಪ್ಪನವರು ಬೂತಿನ ಸ್ಟೂಲಿನ ಮೇಲೆ ಕೂತುಬಿಟ್ಟರು. ಯಾರೋ ಫೋನ್ ಮಾಡಲು ಬಂದರು; ಮೇಜರ್ ಅವರನ್ನು ಆಮೇಲೆ ಬನ್ನಿ ಎಂದು ಕಳಿಸಿದರು. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಪಿಳ್ಳಪ್ಪನವರು ಎದ್ದಾಗ ಆರ್ಮುಗಂನ ಹೆಗಲನ್ನು ಮುಟ್ಟಲು ಹೋಗಿ, ಮುಟ್ಟದೆ, ಕೌಂಟರಿನ ಮೇಲೆ ಕೈಯಿಟ್ಟು ಒಮ್ಮೆ ತಟ್ಟಿದರು. ಹೊರಗೆ ಬಂದ ಮೇಲೆ ನನಗೆ, "ಕಲ್ಲಿಗೆ ಏನು ಬರೀಬೇಕೋ ನನ್ನ ಸೊಸ್ಗೆ ಹೇಳಿ ಬರೆಸಿ. ಅವರಿಗೆ ನಾನು ಹೇಳ್ಕೋತೀನಿ" ಎಂದರು.

ಮುಖಂಡರಿಗೆ ಅವರು ಏನು ಹೇಳಿದರೋ ತಿಳಿಯದು. ಕಲ್ಲು ನಿಲ್ಲಿಸಿದ ದಿನ ಮುಖಂಡರು ಬಂದರು. ಬಂಕರಿಗೆ ಒಬ್ಬನೇ ನುಗ್ಗಿದ ಹಳೆಯ ಭಾಷಣವನ್ನೇ ಮಾಡಿದರು. ಯಾರೂ ತಡೆಯಲಿಲ್ಲ. ಆರ್ಮುಗಂ ಮುಂದಿನ ಸಾಲಿನಲ್ಲಿ ಮುನಿಯಮ್ಮನ ಪಕ್ಕ ಕೂತು, ಮಡಿಲಲ್ಲಿ ಮುನಿರಾಜುವಿನ ಮಗಳನ್ನು ಕೂರಿಸಿಕೊಂಡಿದ್ದ. ಶಾಮಿಯಾನ ಬಿಚ್ಚಿ ಜನ ಹೋದ ಮೇಲೆ ಪಿಳ್ಳಪ್ಪನವರು ನನ್ನನ್ನು ಕರೆದರು. ಅವರಿಗೆ ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ.

"ಓದಿ ಮೇಡಂ."

ಓದಿದೆ. "ಸಿಪಾಯಿ ಮುನಿರಾಜು. ಗಾಯಗೊಂಡ ಗೆಳೆಯನನ್ನು ಬಿಟ್ಟು ಬರದೆ ಅವನ ಪಕ್ಕದಲ್ಲೇ ಪ್ರಾಣ ಬಿಟ್ಟರು."

ಅವರು ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಇನ್ನೊಂದು ಸಲ ಓದಿಸಿದರು.

"ವೀರ ಅಂತ ಎಲ್ಲೈತೆ?"

"ಹಾಕಿಸಿಲ್ಲ" ಎಂದೆ. "ಕಲ್ಲು ಕೆತ್ತೋರು ಇನ್ನೂ ಇಲ್ಲೇ ಇದಾರೆ. ಹಾಕಿಸ್ಬೇಕಾ?"

ಪಿಳ್ಳಪ್ಪನವರು ಕಲ್ಲನ್ನು ನೋಡಿದರು. ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

"ಬೇಡ ಬಿಡಿ ಮೇಡಂ. ಓದಿದೋರಿಗೆ ಗೊತ್ತಾಗುತ್ತೆ."